ಅಡ್ಮಿನ್ ಅಕ್ಕನ ಬ್ರಹ್ಮಾಸ್ತ್ರ
ಇ-ಪುಸ್ತಕ, ಪ್ಲಾನರ್, ವಿಡಿಯೊ ಪಾಠ ತಯಾರಿಸಿ ಮಾರುವವರ ಆನ್‌ಲೈನ್ ಗುಂಪಿಗೆ ಅವಳು ಅಡ್ಮಿನ್ ಅಕ್ಕ. ಗುಂಪು ಸ್ವಲ್ಪ ಸುಮ್ಮನಾದರೆ ಸಾಕು, ಅವಳ ಜೀವ ಚಡಪಡಿಸುತ್ತದೆ. "ಏನ್ರಪ್ಪಾ, ಎಲ್ರೂ ಬಾಯಿಗೆ ಹೊಲಿಗೆ ಹಾಕ್ಕೊಂಡ್ರಾ?" ಎಂದು ಕೆಣಕುತ್ತಾಳೆ, ಹಲ್ಲುಜ್ಜುತ್ತಲೇ ಸ್ಪರ್ಧೆ ಘೋಷಿಸುತ್ತಾಳೆ, ಹೊಸಬರೊಬ್ಬರು ಸೇರಿದರೆ ಬೀಗರು ಬಂದಷ್ಟು ಸಂಭ್ರಮಪಡುತ್ತಾಳೆ. ಇದಾವುದಕ್ಕೂ ಗುಂಪು ಜಗ್ಗದಿದ್ದರೆ ಅವಳ ಬ್ರಹ್ಮಾಸ್ತ್ರ ಹೊರಬರುತ್ತದೆ: ಬೇಕೆಂದೇ ಮಾಡಿದ ಒಂದು ತಪ್ಪು. ಫೆಬ್ರವರಿಗೆ ಮೂವತ್ತೊಂದು ದಿನ ಕೊಟ್ಟ ಪ್ಲಾನರ್ ಹಾಕಿ, "ಹೇಗಿದೆ?" ಎನ್ನುತ್ತಾಳೆ. ವರ್ಷದಿಂದ ತುಟಿ ಬಿಚ್ಚದವರೂ "ಅಕ್ಕಾ, ಏನಿದು ಅನಾಹುತ!" ಎಂದು ಎದ್ದುಬಿದ್ದು ಓಡಿಬರುತ್ತಾರೆ, ಬಂದವರು ಹರಟೆಗೆ ಬಿದ್ದು, ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರು ಚಿತ್ರ ಬರೆದುಕೊಡುವುದಾಗಿ ಮಾತು ಕೊಡುತ್ತಾರೆ. ಅವಳು ಕುರ್ಚಿಯಲ್ಲೇ ಕುಣಿಯುತ್ತಾಳೆ. ಈ ವಿದ್ಯೆ ಅವಳಿಗೆ ಸಿಕ್ಕಿದ್ದು ಮನೆಯಲ್ಲೇ. ಅಮ್ಮ ತೀರಿಕೊಂಡ ಮೇಲೆ ಅಪ್ಪ ಮಾತೇ ಬಿಟ್ಟಿದ್ದರು. ಒಂದು ಸಂಜೆ ಅವಳು ಮರೆವಿನಲ್ಲಿ ಟೀಗೆ ಉಪ್ಪು ಹಾಕಿದಾಗ, "ಥೂ! ನಿಮ್ಮಮ್ಮನ ಟೀ ಅಂದ್ರೆ ಹೇಗಿರ್ತಿತ್ತು ಗೊತ್ತಾ..." ಎಂದು ಶುರುಮಾಡಿದವರು ಕತ್ತಲಾಗುವವರೆಗೂ ನಿಲ್ಲಿಸಲಿಲ್ಲ. ಅಂದಿನಿಂದ ದಿನಾ ಅವರ ಟೀಗೆ ಚಿಟಿಕೆ ಉಪ್ಪು ಬೀಳುತ್ತದೆ. ನಿನ್ನೆ ಗುಂಪಿನ ಗಲಾಟೆಯಲ್ಲಿ ಮುಳುಗಿದ್ದ ಅವಳು ಉಪ್ಪು ಮರೆತಳು. ಅಪ್ಪ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು. ತಾವೇ ಅಡುಗೆಮನೆಗೆ ಹೋಗಿ, ಉಪ್ಪಿನ ಡಬ್ಬಿ ತಂದು ಅವಳ ಮುಂದಿಟ್ಟು, ಕಾಯುತ್ತಾ ಕೂತರು.