ಬ್ರೇಕಿನ ಪೈಪಿಗೆ ಸುತ್ತಿದ ಬಿಳಿ ಟೇಪು

ಸೊರಬದ ಸುತ್ತಮುತ್ತ ಮೂವತ್ತು ವರ್ಷದಿಂದ ಬೋರ್‌ವೆಲ್ಲಿಗೆ ಪಂಪು ಕೂರಿಸುವವನು ನಾನು. ನನ್ನ ಕೈಯ ಜಾಯಿಂಟು ಸೋರಿತು ಎಂದು ಯಾರೂ ತುಟಿ ಬಿಚ್ಚಿದ್ದಿಲ್ಲ. ಆ ಜಂಬ ಅಕ್ಕನನ್ನು ಕೊಂದೇಬಿಡುವುದರಲ್ಲಿತ್ತು.

ಎಡಸೊಂಟ ಮುರಿದ ಮೇಲೆ ಅಕ್ಕನಿಗೆ ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಮತ್ತೆ ನಡೆಯಬೇಕಾದರೆ ವಾರಕ್ಕೆರಡು ಸಲ ಜಡೆ ಊರಿನ ಆಸ್ಪತ್ರೆಗೆ ಹೋಗಿ ಕಾಲಿನ ವ್ಯಾಯಾಮ ಮಾಡಬೇಕು. ಅವಳು ಕಾಲೆತ್ತದೆ ಕೂರುವಷ್ಟು ತಗ್ಗಿನ ಕಾರೊಂದನ್ನು ಗುಜರಿಯ ಎಂಜಿನ್ನು, ಚಕ್ರ ತಂದು ನಾನೇ ಕಟ್ಟಿದೆ. ಎಲ್ಲ ಕೂಡಿಬಂತು, ಮುಂದಿನ ಬ್ರೇಕಿನ ಪೈಪು ಸೇರುವಲ್ಲಿ ಮಾತ್ರ ಎಣ್ಣೆ ಜಿನುಗುತ್ತಿತ್ತು. ನೀರಿನ ಪೈಪಿಗೆ ಸುತ್ತುವ ಬಿಳಿ ಟೇಪು ಜೇಬಿನಲ್ಲೇ ಇತ್ತಲ್ಲ, ನಾಲ್ಕು ಸುತ್ತು ಸುತ್ತಿ ಬಿಗಿದೆ. ಮತ್ತೂ ಜಿನುಗಿತು. ಎಂಟು ಸುತ್ತು ಸುತ್ತಿ, ಮೈಭಾರವೆಲ್ಲ ಸ್ಪ್ಯಾನರಿನ ಮೇಲೆ ಹಾಕಿ ಬಿಗಿದೆ. ನಿಂತಿತು. ನನ್ನ ಹತ್ತಿರವಾ ನಿನ್ನ ಆಟ ಎಂದು ಕಾರಿಗೆ ಬೈದೆ.

ಮೂರನೇ ಸಲ ಜಡೆಗೆ ಹೋಗುವಾಗ, ಇಳಿಜಾರಿನಲ್ಲಿ, ಪೆಡಲು ಸೀದಾ ನೆಲಕ್ಕೆ ಹೋಯಿತು. ಮತ್ತೆ ತುಳಿದೆ. ಏನೂ ಇಲ್ಲ. ಮುಂದೆ ಕುರಿಹಿಂಡು, ಪಕ್ಕದಲ್ಲಿ ಅಕ್ಕ. ಕೈಬ್ರೇಕು ಜಗ್ಗಿ ಗದ್ದೆಯ ಕೆಸರಿಗೆ ತಿರುಗಿಸಿದೆ. ಕಾರು ಬದುವಿಗೆ ತಾಗಿ ನಿಂತಿತು. ಅಕ್ಕನಿಗೆ ಏನೂ ಆಗಿರಲಿಲ್ಲ. ಬೈಯಲೂ ಇಲ್ಲ, ಸೊಂಟ ಹಿಡಿದುಕೊಂಡು ಕೂತಿದ್ದಳು. ನನಗೆ ಅಳು ತಡೆಯಲಾಗಲಿಲ್ಲ.

"ಎಣ್ಣೆ ಸರಿ ಇರ್ಲಿಲ್ಲ ಅಕ್ಕಾ" ಎಂದೆ. ಟೇಪು ಸುತ್ತಿದ ಜಾಯಿಂಟೇ ಬಿಟ್ಟಿದೆ ಎಂದು ಗೊತ್ತಿದ್ದೂ ಅಳುತ್ತಲೇ ಸುಳ್ಳು ಹೇಳಿದೆ.

ಪೈಪನ್ನು ಬಿಚ್ಚಿ ಶಿಕಾರಿಪುರಕ್ಕೆ ಒಯ್ದೆ. ಅಲ್ಲಿ ಬ್ರೇಕಿನ ಕೆಲಸವನ್ನೇ ಮಾಡುವ ಮೇಸ್ತ್ರಿಯೊಬ್ಬರು ಟೇಪು ಬಿಚ್ಚುತ್ತಾ ಹೋದರು. ಅದು ಮುಗಿಯುವಂತೆಯೇ ಕಾಣಲಿಲ್ಲ. ನಾನು ನೆಲ ನೋಡಿದೆ.

"ಇದು ನೀರಿನ ಪೈಪಲ್ರೀ. ಇಲ್ಲಿ ಎಣ್ಣೆ ತಡಿಯೋದು ತಿರುಪಿನ ಥ್ರೆಡ್ಡಲ್ಲ, ಪೈಪಿನ ಈ ಅಗಲ ಮಾಡಿದ ಬಾಯಿ. ಅದು ತನ್ನ ಜಾಗದಾಗೆ ನೆಟ್ಟಗೆ ಕುಂತ್ರೆ ಏನೂ ಸುತ್ತೋದು ಬ್ಯಾಡ. ನೀವು ಬಿಗಿದು ಬಿಗಿದು ಬಾಯಿನೇ ಸೀಳಿದ್ದೀರಿ."

ನೋಡಿದರೆ ಕೂದಲಷ್ಟು ತೆಳ್ಳಗಿನ ಬಿರುಕು. ಪೈಪಿನೊಳಗಿಂದ ಟೇಪಿನ ಚೂರೊಂದನ್ನೂ ಎಳೆದು ನನ್ನ ಅಂಗೈಗೆ ಹಾಕಿದರು.

"ಯಾರನ್ನ ಕೂರಿಸ್ಕಂಡು ಹೊಂಟಿದ್ರಿ?"

ನಾನು ಟೇಪಿನ ಚೂರನ್ನು ಜೇಬಿಗೆ ಹಾಕಿಕೊಂಡೆ. ಅವರು ಹೊಸ ಪೈಪು ಕತ್ತರಿಸಿ ಬಾಯಿ ಅಗಲಿಸಿಕೊಟ್ಟರು.

ಮನೆಯಲ್ಲಿ ಹಳೆ ಎಣ್ಣೆಯನ್ನೆಲ್ಲ ಚೆಲ್ಲಿ, ತೊಳೆದು, ಪೈಪು ಕೂರಿಸಿದೆ. ಈ ಸಲ ಕೈಗೆ ಬಿಗಿ ಸಿಕ್ಕಲ್ಲಿಗೆ ನಿಲ್ಲಿಸಿದೆ. ಪೈಪಿನಲ್ಲಿ ಸೇರಿದ ಗಾಳಿ ಹೊರಹಾಕಲು ಒಬ್ಬರು ಮೇಲೆ ಪೆಡಲು ಒತ್ತಬೇಕು. ಅಕ್ಕ ಕೋಲೂರಿಕೊಂಡು ಬಂದು ನನ್ನ ಸೀಟಿನಲ್ಲಿ ಕೂತಳು. "ಬಲಗಾಲು ಗಟ್ಟಿ ಐತಲ್ಲ" ಎಂದಳು.

ಗಾಳಿ ಹೋಯಿತು, ಪೆಡಲು ಗಟ್ಟಿಯಾಯಿತು. ಜಾಯಿಂಟಿನ ಕೆಳಗೆ ಹಳೆ ಪೇಪರು ಹಾಸಿ, "ಜೋರಾಗಿ ಒತ್ತಿ ಹಿಡಿ" ಎಂದೆ. ಕಾರಿನಡಿ ಮಲಗಿದ್ದಕ್ಕೋ ಏನೋ, ಮುಖ ಕಾಣದ ಧೈರ್ಯದಲ್ಲಿ ಮಾತು ಬಂತು.

"ಅಕ್ಕಾ, ಎಣ್ಣೆ ಸರಿಯಾಗೇ ಇತ್ತು. ಟೇಪು ಸುತ್ತಿ ಕೆಡಿಸಿದ್ದು ನಾನೇ."

ಮೇಲೆ ಅಕ್ಕ ಪೆಡಲಿನ ಬಿಗಿ ಬಿಡಲಿಲ್ಲ. ಪೇಪರು ಒಣಗಿಯೇ ಇತ್ತು. ಬೆರಳಿನಿಂದ ಜಾಯಿಂಟು ಒರೆಸಿದೆ, ಇನ್ನೊಮ್ಮೆ ಒರೆಸಿದೆ. ಸಾಕು, ಕಾಲು ತೆಗಿ ಎನ್ನದೆ ಮತ್ತೆ ಪೇಪರು ಮುಟ್ಟಿ ನೋಡಿದೆ.

"ನಿನ್ ಕೈಲಿ ಸಾಕು ಅನ್ನಕ್ಕೆ ಆಗಲ್ಲ" ಎಂದಳು ಕೊನೆಗೆ. ಕಾಲು ತೆಗೆದು, ಕೋಲೂರಿ ಸುತ್ತು ಹಾಕಿ ಬಂದು, ತನ್ನ ಸೀಟಿನಲ್ಲಿ ಕೂತು ಬಾಗಿಲು ಹಾಕಿಕೊಂಡಳು.

"ಏಳು, ಜಡೆಗೆ ಹೊತ್ತಾತು."