ಅಜ್ಜಿಯ ಸೀರೆಗೆ ನಾನು ಹೇಳಿದ ಬಣ್ಣ

ನಮ್ಮಪ್ಪನಿಗೆ ಗೊತ್ತಿಲ್ಲದ ಬಣ್ಣವೂ ಒಂದಿದೆ ಎಂದು ಯಾರಾದರೂ ಹೇಳಿದ್ದರೆ ಕೊಟ್ಟೂರಿನ ಪೇಟೆಯವರು ನಕ್ಕುಬಿಡುತ್ತಿದ್ದರು. ಗಾದಿಯ ಮೇಲೆ ಕುಳಿತು ಮೂವತ್ತು ವರ್ಷ ಸೀರೆ ಮಾರಿದ ಮನುಷ್ಯ ಅವರು. ಸುಮ್ಮನೆ ಹಸಿರು ಅಂದರೆ ಅವರಿಗೆ ಸಿಟ್ಟು ಬರುತ್ತಿತ್ತು. ಗಿಣಿ ಹಸಿರೋ, ಪಾಚಿ ಹಸಿರೋ, ಮಾವಿನ ಚಿಗುರೋ? ಕೆಂಪೆಂದರೆ ಇಟ್ಟಂಗಿಯೋ, ದಾಳಿಂಬೆಯೋ, ಉಳ್ಳಾಗಡ್ಡಿ ಸಿಪ್ಪೆಯೋ? ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯಿಂದ ಬರುವ ಹೆಣ್ಣುಮಕ್ಕಳು ಹಳೆಯ ಕುಪ್ಪಸದ ಒಂದು ಚೂರು ತಂದು ಮುಂದಿಟ್ಟರೆ ಸಾಕು. ಅಪ್ಪ ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿ, ಬಾಗಿಲ ಬೆಳಕಿಗೆ ಒಡ್ಡಿ ನೋಡಿ, ಅದಕ್ಕೆ ಒಪ್ಪುವ ಸೀರೆಯನ್ನು ಮೊದಲ ಸಲಕ್ಕೇ ಎಳೆದು ಹಾಕುತ್ತಿದ್ದರು.

ಅಂಥವರಿಗೆ ತಮ್ಮ ಹೆತ್ತವ್ವನ ಸೀರೆಯ ಬಣ್ಣ ಗೊತ್ತಿರಲಿಲ್ಲ. ಅಪ್ಪನಿಗೆ ಎರಡು ತುಂಬುವ ಮೊದಲೇ ಅಜ್ಜಿ ತೀರಿಕೊಂಡಿದ್ದಳು. ಉಳಿದದ್ದು ಒಂದೇ ಒಂದು ಕಪ್ಪು ಬಿಳುಪು ಫೋಟೋ, ಹರಪನಹಳ್ಳಿಯಲ್ಲಿ ತೆಗೆಸಿದ್ದಂತೆ. ಕುರ್ಚಿಯ ಮೇಲೆ ಅಜ್ಜ, ಪಕ್ಕದಲ್ಲಿ ನಿಂತ ಅಜ್ಜಿ, ಇಬ್ಬರ ಮುಂದೆ ಎಂಟು ವರ್ಷದ ಹುಡುಗಿಯಾಗಿ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ. ಅಪ್ಪ ಆಗಿನ್ನೂ ಹುಟ್ಟಿರಲಿಲ್ಲ. ಅಜ್ಜಿಯ ತಲೆಯ ಮೇಲೆ ಸೆರಗು, ಹಣೆಯ ಮೇಲೆ ವಿಭೂತಿ. ಸೀರೆ ಇಳಕಲ್ಲಿನದು ಎಂದು ಅಪ್ಪ ಅಂಚಿನ ದಡಿ ನೋಡಿಯೇ ಹೇಳುತ್ತಿದ್ದರು. ಸೀರೆಯ ಒಡಲು ಮಾತ್ರ ಬರೀ ಬೂದಿ ಬಣ್ಣ. ಕಪ್ಪು ಬಿಳುಪಿನಲ್ಲಿ ಕೆಂಪೂ ಹಸಿರೂ ಒಂದೇ ಥರ ಬೀಳುತ್ತವೆ, ಏನು ಮಾಡಿದರೂ ತಿಳಿಯುವುದಿಲ್ಲ ಎಂದು ಅವರು ಎಷ್ಟೋ ಸಲ ಪೇಚಾಡಿದ್ದನ್ನು ಕೇಳಿದ್ದೇನೆ.

ನನಗೋ ಆ ಫೋಟೋ ಅಷ್ಟಕ್ಕಷ್ಟೆ. ನಾನು ಬಣ್ಣದ ಕಾಲದವಳು. ನಮ್ಮ ಆಲ್ಬಂನಲ್ಲಿ ಕೆಂಪು ಫ್ರಾಕು ತೊಟ್ಟು, ಮೂಗು ಸೋರಿಸಿಕೊಂಡು, ಜವಳದ ದಿನ ಬೋಳು ತಲೆಯಲ್ಲಿ ಅಳುತ್ತಿರುವ ನಾನಿದ್ದೆ. ಕಪ್ಪು ಬಿಳುಪಿನ ಜನರಿಗೆ ಸೆಕೆಯಾಗುತ್ತಿರಲಿಲ್ಲ, ಹಸಿವಾಗುತ್ತಿರಲಿಲ್ಲ ಎಂದು ಸಣ್ಣವಳಿದ್ದಾಗ ನಂಬಿದ್ದೆ. ಶಾಲೆಯ ಇತಿಹಾಸದ ಪುಸ್ತಕದಲ್ಲಿ ಮೆರವಣಿಗೆ ಹೋಗುವವರೂ, ಜೈಲಿಗೆ ಹೋದವರೂ, ಮುರಿದ ಗುಡಿಯ ಕಲ್ಲಿನ ಆನೆಯೂ ಒಂದೇ ಬೂದಿ ಬಣ್ಣ. ಅವರೆಲ್ಲ ಒಂದೇ ಊರಿನವರು, ನಮ್ಮಜ್ಜಿಯೂ ಅವರ ಪೈಕಿ ಎಂದುಕೊಂಡಿದ್ದೆ. ಆಕೆ ಸತ್ತದ್ದು ದುಃಖದ ಸಂಗತಿ ಅಂತ ನನಗೆ ಅನ್ನಿಸಿದ್ದೇ ಇಲ್ಲ. ಸತ್ತವಳಾಗಿಯೇ ಹುಟ್ಟಿದ್ದಳೇನೋ ಅನ್ನುವ ಹಾಗೆ ಇದ್ದೆ. ಅಂಗಡಿಗೆ ಹೊರಡುವ ಮುಂಚೆ ಅಪ್ಪ ದಿನವೂ ಆ ಫೋಟೋದ ಮುಂದೆ ಒಂದು ಗಳಿಗೆ ನಿಲ್ಲುತ್ತಿದ್ದರು. ತಿಂಡಿ ಆರುತ್ತದೆ ಎಂದು ನಾನು ಒಳಗಿಂದ ಕೂಗುತ್ತಿದ್ದೆ.

ಎರಡು ಸಾವಿರದ ಆಚೆ ಈಚೆ, ನಾನು ಡಿಗ್ರಿ ಓದುತ್ತಿದ್ದಾಗ, ಕೂಡ್ಲಿಗಿಯ ಒಂದು ಸ್ಟುಡಿಯೋದಲ್ಲಿ ಕಂಪ್ಯೂಟರ್ ಇಟ್ಟಿದ್ದಾರೆ, ಹಳೆಯ ಫೋಟೋಕ್ಕೆ ಬಣ್ಣ ಹಾಕಿ ಕೊಡುತ್ತಾರೆ ಎಂಬ ಸುದ್ದಿ ಬಂತು. ಅಪ್ಪ ಒಂದು ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು, ಫೋಟೋವನ್ನು ಹೊಸ ಟವೆಲಿನಲ್ಲಿ ಸುತ್ತಿ, ನನ್ನನ್ನೂ ಕರೆದುಕೊಂಡು ಬಸ್ಸು ಹತ್ತಿದರು. ಕೂಡ್ಲಿಗಿ ಬರುವ ತನಕ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಸ್ಟುಡಿಯೋದವನು ಚುರುಕು. ನೋಡನೋಡುತ್ತ ಅಜ್ಜನ ಪೇಟಕ್ಕೆ, ಕುರ್ಚಿಗೆ, ಅತ್ತೆಯ ಲಂಗಕ್ಕೆ ಬಣ್ಣ ಬಂತು. ಅಜ್ಜಿಯ ಹಣೆಯ ವಿಭೂತಿಯನ್ನು ಹಳೆಯ ಫೋಟೋದ ಬೂಷ್ಟು ಅಂದುಕೊಂಡು ಅಳಿಸಲು ಹೋದಾಗ ಅಪ್ಪ ಅವನ ಕೈ ಹಿಡಿದೇಬಿಟ್ಟರು. ಅದು ಕಲೆಯಲ್ಲ, ವಿಭೂತಿ ಎಂದು ಹೇಳುವಾಗ ಅವರ ದನಿಯಲ್ಲಿ ಹೆಮ್ಮೆಯಿತ್ತು. ಆಮೇಲೆ ಅವನು ಕೇಳಿದ:

“ಅವ್ವಾರ ಸೀರಿ ಯಾವ ಬಣ್ಣ ರೀ?”

ಪಾಸ್‌ಪೋರ್ಟ್ ಸೈಜಿನ ಫೋಟೋಕ್ಕೆ ಬಂದವರು ಹಿಂದೆ ಕಾಯುತ್ತಿದ್ದರು. ಅವನು ಇನ್ನೊಮ್ಮೆ ಕೇಳಿದ. ಬೋರ್ಡಿನ ಮುಂದೆ ಲೆಕ್ಕ ಬಾರದೆ ನಿಂತ ಹುಡುಗನ ಹಾಗೆ ನಮ್ಮಪ್ಪ ನೆಲ ನೋಡುತ್ತಿದ್ದರು. ಊರಿಗೆಲ್ಲ ಬಣ್ಣ ಹೇಳುವ ಮನುಷ್ಯ! ನನಗೆ ಅದನ್ನು ನೋಡಲು ಆಗಲಿಲ್ಲ. ನನ್ನ ಬಾಯಿ ಎಂದಾದರೂ ನನ್ನ ಮಾತು ಕೇಳಿದ್ದುಂಟೇ?

“ಹಸಿರು ಹಾಕ್ರಿ,” ಅಂದೆ. “ಗಿಣಿ ಹಸಿರು.”

ಅಪ್ಪ ಗಕ್ಕನೆ ನನ್ನ ಕಡೆ ತಿರುಗಿದರು. “ಅಕ್ಕ ಹೇಳಿದ್ಲೇನು?”

ಅತ್ತೆಯನ್ನು ಕೊಟ್ಟದ್ದು ಹೊಳೆದಂಡೆಯ ಮಾಗಳಕ್ಕೆ. ಪ್ರತಿ ಬೇಸಿಗೆ ರಜೆಗೂ ನಾನು ಅಲ್ಲಿಗೆ ಹೋಗುತ್ತಿದ್ದೆ. ಅಜ್ಜಿಯನ್ನು ಕಂಡು ನೆನಪಿಟ್ಟುಕೊಂಡವರು ಉಳಿದದ್ದು ಅತ್ತೆ ಒಬ್ಬಳೇ. ಅವ್ವನ ಮಾತೆತ್ತಿದರೆ ಅಕ್ಕ ಅಳುತ್ತಾಳೆಂದು ಅಪ್ಪ ಎಂದೂ ಆಕೆಯನ್ನು ಕೇಳಿರಲಿಲ್ಲ. ಇಲ್ಲ, ನಾನೇ ಹೇಳಿದ್ದು ಅನ್ನಬಹುದಿತ್ತು. ಅಪ್ಪನ ಕಣ್ಣು ಅಷ್ಟು ಅರಳಿದ್ದವು. ಹ್ಞೂಂ ಅಂದುಬಿಟ್ಟೆ.

ಫೋಟೋ ದೊಡ್ಡದಾಗಿ, ಬಣ್ಣವಾಗಿ, ಚೌಕಟ್ಟಿನೊಳಗೆ ಕುಳಿತು ಮನೆಗೆ ಬಂತು. ಗೋಡೆಯ ಮೇಲೆ ಗಿಣಿ ಹಸಿರಿನ ಸೀರೆಯುಟ್ಟು ನಿಂತ ಅಜ್ಜಿ ನಿನ್ನೆ ಮೊನ್ನೆ ಫೋಟೋ ತೆಗೆಸಿಕೊಂಡವಳ ಹಾಗಿದ್ದಳು. ಕಪ್ಪು ಬಿಳುಪಿನದು ಟ್ರಂಕಿಗೆ ಹೋಯಿತು. ಬಂದವರಿಗೆಲ್ಲ ಅಪ್ಪ, ನಮ್ಮವ್ವಗೆ ಹಸಿರು ಅಂದರೆ ಪ್ರಾಣ ಎಂದು ಹೇಳತೊಡಗಿದರು. ಅಷ್ಟಕ್ಕೇ ನಿಂತಿದ್ದರೆ ನಾನು ಹೇಗೋ ನುಂಗಿಕೊಳ್ಳುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಅವರಿಗೆ ನೆನಪುಗಳೂ ಬರತೊಡಗಿದವು. ಒಂದು ದಿನ ಊಟ ಮಾಡುತ್ತ ಮಾಡುತ್ತ ಕೈ ನಿಲ್ಲಿಸಿ, ಬಿಸಿಲಲ್ಲಿ ಎತ್ತಿಕೊಂಡು ಹೋಗುವಾಗ ಅವ್ವ ನನ್ನ ಮುಖದ ಮೇಲೆ ಸೆರಗು ಹಾಕುತ್ತಿದ್ದಳು, ಕಣ್ಣು ಬಿಟ್ಟರೆ ಎಲ್ಲ ಹಸಿರು ಕಾಣುತ್ತಿತ್ತು ಎಂದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಲ್ಲದ ಅವ್ವನೊಬ್ಬಳನ್ನು ನಾನೇ ನಮ್ಮಪ್ಪನಿಗೆ ಕೊಟ್ಟುಬಿಟ್ಟಿದ್ದೆ. ಈಗ ಕಿತ್ತುಕೊಳ್ಳುವುದು ಹೇಗೆ?

ಅಷ್ಟರಲ್ಲಿ ಅತ್ತೆ ಬರುತ್ತಾಳೆಂದು ಗೊತ್ತಾಯಿತು. ಮಳೆಗಾಲಕ್ಕೆ ಮೊದಲು ವರ್ಷಕ್ಕೊಮ್ಮೆ ಬಂದು ನಮ್ಮ ಮನೆಯ ಕೌದಿಗಳನ್ನೆಲ್ಲ ರಿಪೇರಿ ಮಾಡಿ ಹೋಗುವುದು ಆಕೆಯ ಪದ್ಧತಿ. ಹಳೆಯ ಸೀರೆ, ಧೋತರಗಳನ್ನು ಪದರದ ಮೇಲೆ ಪದರ ಇಟ್ಟು, ಕೈಯಿಂದ ಹೊಲಿದು ಮಾಡುವ ಹೊದಿಕೆ ಅದು. ಅಂಗಡಿ ತುಂಬ ಹೊಸ ಚಾದರ ಇದ್ದರೂ ಅಪ್ಪನಿಗೆ ಅತ್ತೆ ಮಾಡಿಸಿಕೊಟ್ಟ ತಮ್ಮ ಹಳೆಯ ಕೌದಿಯೇ ಆಗಬೇಕು. ಸಣ್ಣಂದಿನಿಂದ ರೂಢಿ. ಅದನ್ನು ಎಸೆಯಿರೆಂದು ಹೇಳಿ ಹೇಳಿ ಅಮ್ಮನಿಗೆ ಸಾಕಾಗಿತ್ತು.

ನಾನು ಬಸ್ ಸ್ಟ್ಯಾಂಡಿಗೇ ಓಡಿದೆ. ದಾರಿಯುದ್ದಕ್ಕೂ ಒಂದೂ ಬಿಡದೆ ಎಲ್ಲ ಹೇಳಿ, ನೀನೂ ಹಸಿರು ಅಂತಲೇ ಹೇಳು ಅತ್ತೆ, ಕಾಲು ಹಿಡಿಯುತ್ತೇನೆ ಎಂದು ಗೋಗರೆದೆ. ಅತ್ತೆ ಬೈಯುತ್ತಾಳೆ ಅಂದುಕೊಂಡಿದ್ದೆ. ಆಕೆ ನಡೆಯುತ್ತ ನಡೆಯುತ್ತ ಕೇಳಿದ್ದು ಒಂದೇ.

“ನಂಬ್ಯಾನೇನು?”

“ನಂಬ್ಯಾರ ಅತ್ತಿ.”

ಕೈಚೀಲವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿಕೊಂಡಳು. ಹಾಗಾದರೆ ನಿಜವಾದ ಬಣ್ಣ ಯಾವುದು ಎಂದು ಕೇಳಿದರೆ, ಮೊದಲು ಮನೆಗೆ ನಡೆ ಎಂದಳು.

ಮನೆಯಲ್ಲಿ ಅಪ್ಪ ಅಂಗಡಿಯನ್ನೂ ಬಿಟ್ಟು ಕಾಯುತ್ತಿದ್ದರು. ಅಕ್ಕನನ್ನು ಕೈಹಿಡಿದು ಫೋಟೋದ ಮುಂದೆ ನಿಲ್ಲಿಸಿದರು. ಅತ್ತೆ ತುಂಬ ಹೊತ್ತು ನೋಡಿ, ಅವ್ವನ ಮುಖ ಚೆನ್ನಾಗಿ ಬಂದಿದೆ ಎಂದಷ್ಟೇ ಹೇಳಿದಳು. ಸೀರೆಯ ಮಾತು ಎತ್ತಲಿಲ್ಲ. ಚಹಾ ಕುಡಿದಳು. ಆಮೇಲೆ ಪಡಸಾಲೆಯಲ್ಲಿ ಕಾಲು ಚಾಚಿ ಕುಳಿತು, ನಿನ್ನ ಕೌದಿ ತಗೊಂಡು ಬಾ ತಮ್ಮ ಎಂದಳು.

ಅಪ್ಪ ತಂದು ಹಾಸಿದರು. ಅತ್ತೆ ಬ್ಲೇಡು ತೆಗೆದು ಒಂದು ಮೂಲೆಯ ಹೊಲಿಗೆಯನ್ನು ಸರಸರ ಬಿಚ್ಚಿದಳು. ಮೇಲೆ ಹೂವಿನ ಚಿತ್ತಾರದ ಬಟ್ಟೆ, ಅದರ ಕೆಳಗೆ ನಮ್ಮಮ್ಮನ ಹಳೆಯ ಸೀರೆ, ಅದರ ಕೆಳಗೆ ಅಜ್ಜನ ಧೋತರ. ಒಂದೊಂದೇ ಪದರ ಮಗುಚುತ್ತ ಹೋಗಿ, ನಟ್ಟನಡುವಿನ ಪದರಕ್ಕೆ ಬಂದು ಕೈ ನಿಲ್ಲಿಸಿದಳು. ಬಿಸಿಲು ತಾಗದ ಬಟ್ಟೆ. ಮೆತ್ತಗಾಗಿತ್ತು, ಬಣ್ಣ ಹೋಗಿರಲಿಲ್ಲ.

“ಅವ್ವನ ಸೀರಿ ಬಣ್ಣ ಕೇಳಾಕ ಕೂಡ್ಲಿಗಿಗೆ ಯಾಕ ಹೋದಿ ತಮ್ಮ? ಸಣ್ಣಾಂವ ಇದ್ದಾಗಿಂದ ಹೊದ್ಕೊಂಡು ಮಲಗೀಯಲ್ಲ. ಮ್ಯಾಲಿಂದು ಹರದಂಗೆಲ್ಲ ಹೊಸಾದು ಹಚ್ಚೀನಿ. ಇದನ್ನ ಮುಟ್ಟಿಲ್ಲ.”

ಅವ್ವ ತೀರಿಕೊಂಡ ಮೊದಲ ವರ್ಷ ಅಳುವ ತಮ್ಮನನ್ನು ಸುಮ್ಮನಾಗಿಸಲು, ಆ ಫೋಟೋದ ಸೀರೆಯನ್ನೇ ಒಳಗಿಟ್ಟು ನೆರೆಮನೆಯ ಮುದುಕಿಯ ಕೈಯಲ್ಲಿ ಕೌದಿ ಹೊಲಿಸಿದ್ದಳಂತೆ. ಆಗ ಅತ್ತೆಗೆ ಹತ್ತೋ ಹನ್ನೊಂದೋ ವರ್ಷ. ಸಣ್ಣವನಿದ್ದಾಗ ಹೇಳಿದರೆ ಅಳುತ್ತಾನೆಂದು ಹೇಳಲಿಲ್ಲ, ದೊಡ್ಡವನಾದ ಮೇಲೆ ಅವನಿಗೆ ಗೊತ್ತಿರುತ್ತದೆ ಅಂದುಕೊಂಡೆ ಎಂದಳು.

ಅಪ್ಪ ಆ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ತಿಕ್ಕಿದರು. ರೂಢಿಯಂತೆ ಎದ್ದು, ಇಡೀ ಕೌದಿಯನ್ನು ಎಳೆದುಕೊಂಡೇ ಬಾಗಿಲಿಗೆ ಹೋಗಿ ಬೆಳಕಿಗೆ ಹಿಡಿದರು.

“ಉಳ್ಳಾಗಡ್ಡಿ ಸಿಪ್ಪಿ,” ಅಂದರು, ಅಂಗಡಿಯಲ್ಲಿ ಹೇಳುವ ದನಿಯಲ್ಲೇ.

ನಾನು ಸುಳ್ಳು ಹೇಳಿದ್ದೆ ಅಪ್ಪ ಎಂದೆ. ಅವರಿಗೆ ಸಿಟ್ಟು ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಏನೂ ತಿಳಿಯದವರಂತೆ ಅತ್ತೆಯ ಮುಖ ನೋಡಿದರು. “ಮತ್ತ ನನಗ ನೆನಪಿತ್ತಲ್ಲಕ್ಕ? ಮಾರಿ ಮ್ಯಾಲೆ ಸೆರಗು ಹಾಕ್ತಿದ್ದದ್ದು?”

“ಹಾಕ್ತಿದ್ಲು,” ಅಂದಳು ಅತ್ತೆ. “ಬಿಸಿಲಿಗೆ ನೀನು ಭಾಳ ಅಳತಿದ್ದಿ. ಬಣ್ಣ ಅಷ್ಟ ತಪ್ಪೈತಿ.”

ಟ್ರಂಕಿನಲ್ಲಿದ್ದ ಕಪ್ಪು ಬಿಳುಪಿನ ಫೋಟೋ ಮತ್ತೆ ತನ್ನ ಮೊಳೆಗೆ ಬಂತು. ಬಣ್ಣದ್ದನ್ನು ಅಪ್ಪ ನನಗೆ ಕೊಟ್ಟರು; ಈಗ ನನ್ನ ಮನೆಯ ಗೋಡೆಯ ಮೇಲೆ ಅದು ಬಿಸಿಲಿಗೆ ನೀಲಿಯಾಗಿ ಹೋಗಿದೆ. ಅವತ್ತು ಅತ್ತೆ ದಾರ ಪೋಣಿಸಿ ಕೌದಿ ಹೊಲಿಯಲು ಕುಳಿತಾಗ ಅಪ್ಪ, ಅದೊಂದು ಮೂಲೆ ಹೊಲಿಯಬೇಡಕ್ಕ, ಹಾಗೇ ಇರಲಿ ಎಂದರು. ಅತ್ತೆ ಅದನ್ನು ಬಿಟ್ಟು ಉಳಿದದ್ದನ್ನು ಹೊಲಿದಳು. ನಾನು ಪಕ್ಕದಲ್ಲಿ ಕುಳಿತು ಆ ಬಿಚ್ಚಿದ ಮೂಲೆಯನ್ನು ಮುಟ್ಟಿ ನೋಡಿದೆ. ಅಜ್ಜಿಗೂ ಬಿಸಿಲು ಹತ್ತುತ್ತಿತ್ತು. ಕಂಕುಳಲ್ಲಿ ಅಳುವ ಕೂಸು ಇತ್ತು. ಆಕೆ ತೀರಿಕೊಂಡು ಐವತ್ತು ವರ್ಷವಾಗುತ್ತ ಬಂದಿತ್ತು, ನನಗೆ ಆಕೆಗಾಗಿ ಮೊದಲ ಸಲ ಅಳು ಬಂದದ್ದು ಅವತ್ತು.