ಹಾಲವ್ವನ ಮನೆಗೆ ಫಲಕವಿಲ್ಲ

ಬೆಳಗಿನ ಐದೂವರೆ. ಗಡಿಭಾಗದ ಹಳ್ಳಿ ಮುಚ್ಚಂಡಿಯ ಬಸ್ ನಿಲ್ದಾಣದ ಎದುರಿನ ತಗಡಿನ ಮನೆಯಲ್ಲಿ ಹಾಲವ್ವ ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದುತ್ತಿದ್ದಾರೆ. ಮೊದಲ ರೊಟ್ಟಿ ಬಡಿಯುವ ಸಪ್ಪಳಕ್ಕೇ ಲಾರಿ ಚಾಲಕನೊಬ್ಬ ಬಾಗಿಲಿಗೆ ಬಂದು ನಿಲ್ಲುತ್ತಾನೆ.

"ಅವ್ವಾ, ಉಣ್ಣಾಕ ಏನರೆ ಐತೇನ್ರಿ?"

"ಐತಪಾ. ಕೈ ತೊಳ್ಕೊಂಡ ಬಂದ ಕುಂದ್ರು. ಮಡಿಕಿ ಕಾಳಿನ ಪಲ್ಯ ಕುದಿಯಾಕತ್ತೈತಿ."

ಈ ಮನೆಗೆ ಫಲಕವಿಲ್ಲ. ಮೊಬೈಲಿನ ನಕಾಶೆಯಲ್ಲಿ ಹುಡುಕಿದರೂ ಸಿಗುವುದಿಲ್ಲ. ಈ ಹಾದಿಗೆ ಹೊಸಬರು ಯಾರಾದರೂ ಇಲ್ಲಿ ಚಲೋ ಊಟ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದರೆ, ಬಸ್ ಕಂಡಕ್ಟರೋ ಪಂಕ್ಚರ್ ಅಂಗಡಿಯವರೋ ಈ ಬಾಗಿಲು ತೋರಿಸುತ್ತಾರೆ. ದಿನಕ್ಕೆ ಆರು ಕಿಲೊ ಹಿಟ್ಟು, ತೊಂಬತ್ತರ ಆಸುಪಾಸು ರೊಟ್ಟಿ, ಉಣ್ಣುವವರು ಮೂವತ್ತು ಮಂದಿ. ಜೊತೆಗೆ ಶೇಂಗಾ ಚಟ್ನಿ, ಉಳ್ಳಾಗಡ್ಡಿ, ಮಜ್ಜಿಗೆ. ಚಟ್ನಿ ಕುಟ್ಟುವುದು ಗಂಡ ಅಮೋಗಸಿದ್ದನ ಪಾಲಿನ ಕೆಲಸ.

ಐವತ್ನಾಲ್ಕರ ಹಾಲವ್ವ ಹುಟ್ಟಿದ್ದು ದರಿಬಡಚಿಯಲ್ಲಿ. ಮದುವೆಯಾದ ವರ್ಷವೇ ಗಂಡನ ಜೊತೆ ಕೊಲ್ಹಾಪುರದ ಕಡೆ ಕಬ್ಬು ಕಡಿಯಲು ಹೊರಟರು. ಕೋಳಿ ಕೂಗುವ ಮೊದಲೇ ಎದ್ದು ಇಡೀ ಗುಂಪಿಗೆ ರೊಟ್ಟಿ ಬಡಿದು, ಆಮೇಲೆ ಕೊಯ್ತಕ್ಕೆ ಹೋಗಬೇಕಿತ್ತು. "ಹದಿನೆಂಟ ಮಂದಿಗಿ ರೊಟ್ಟಿ ಬಡದ ಬಡದ ಕೈ ಪಳಗೇತ್ರಿ," ಎನ್ನುತ್ತಾರೆ. ಕಬ್ಬು ತುಂಬಿದ ಬಂಡಿಯ ಗಾಲಿ ಅಮೋಗಸಿದ್ದನ ಕಾಲ ಮೇಲೆ ಹರಿದ ವರ್ಷ ಇಬ್ಬರೂ ಗಂಡನ ಊರಾದ ಮುಚ್ಚಂಡಿಗೆ ಮರಳಿದರು. ಹಾಲವ್ವ ಕಂಡವರ ಹೊಲದ ಕಳೆ ಕೀಳುತ್ತ ಮನೆ ನಡೆಸಿದರು.

ಊಟದ ಕೆಲಸ ಶುರುವಾದದ್ದು ಕೆಟ್ಟು ನಿಂತ ಒಂದು ಬಸ್ಸಿನಿಂದ. ಹತ್ತೊಂಬತ್ತು ವರ್ಷದ ಹಿಂದೆ, ಬೇಸಿಗೆಯ ಮಧ್ಯಾಹ್ನ, ಬಸ್ಸು ಮನೆಯ ಮುಂದೆಯೇ ನಿಂತುಬಿಟ್ಟಿತು. ಬೇರೆ ಬಸ್ಸು ಬರಲು ಮೂರು ತಾಸು. ಮಕ್ಕಳು ಅಳತೊಡಗಿದಾಗ ಹಾಲವ್ವ ಬುಟ್ಟಿಯಲ್ಲಿದ್ದ ರೊಟ್ಟಿಯನ್ನೆಲ್ಲ ಹಂಚಿ, ಮತ್ತೆ ಒಲೆ ಹೊತ್ತಿಸಿದರು. ಅಂದು ಉಂಡ ಚಾಲಕ ಅಪ್ಪಾಸಾಬ ಮರುವಾರ ಇಬ್ಬರು ಪ್ರಯಾಣಿಕರನ್ನು ಕರೆತಂದು, "ಅಕ್ಕಾ, ಇವರಿಗೂ ಒಂದೀಟ ಹಾಕ್ರಿ, ರೊಕ್ಕಾ ಕೊಡ್ತಾರ," ಎಂದರು. ಅಲ್ಲಿಂದ ಬಾಗಿಲು ಮುಚ್ಚಿಲ್ಲ.

ಮುಚ್ಚಿದ್ದು ಒಮ್ಮೆ ಮಾತ್ರ. ಹೋದ ವರ್ಷ ಹೆದ್ದಾರಿಯಲ್ಲಿ ಹೊಸ ಢಾಬಾ ತೆರೆಯಿತು. ಗಿರಾಕಿಗಳು ನೋಡಲೆಂದು ಗಾಜಿನ ಕೋಣೆಯಲ್ಲಿ ಒಲೆ ಹೂಡಿ, ತಿಂಗಳ ಪಗಾರದ ಮೇಲೆ ಹಾಲವ್ವನನ್ನು ಕರೆದರು. ಹಾಲವ್ವ ಹೋದರು. ಮಂದಿ ಫೋಟೊ ಹೊಡೆದುಕೊಂಡರು. ಹನ್ನೆರಡನೆಯ ದಿನ ಮುದುಕರೊಬ್ಬರು ರೊಟ್ಟಿ ಅಗಿಯಲಾಗದೆ ತಾಟು ಸರಿಸಿದ್ದು ಗಾಜಿನಾಚೆ ಕಂಡಿತು. ಹಾಲವ್ವ ಎದ್ದು ಹೋಗಿ ರೊಟ್ಟಿ ಮುರಿದು, ಮಜ್ಜಿಗೆಯಲ್ಲಿ ಕಲಸಿ ಕೊಟ್ಟರು. ಒಲೆ ಬಿಟ್ಟು ಹೊರಗೆ ಬರಕೂಡದೆಂದು ಮ್ಯಾನೇಜರ್ ಎಲ್ಲರೆದುರು ಗದರಿದ.

"ಉಣ್ಣಾವ್ರ ಮಾರಿ ನೋಡದ ಹೆಂಗ ರೊಟ್ಟಿ ಮಾಡೋದ್ರಿ? ಮರದಿನ ಹೋಗ್ಲಿಲ್ಲ ನಾ."

ಆ ಪಗಾರ ಕೈಬಿಟ್ಟದ್ದಕ್ಕೆ ಅಮೋಗಸಿದ್ದ ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ತಾವಾಗಿಯೇ ಚಟ್ನಿಗೆ ಶೇಂಗಾ ಹುರಿಯಲು ಕೂತರು.

ಮಧ್ಯಾಹ್ನ ಮೂರಾಗುತ್ತಿದೆ. ಕೊನೆಯ ತಾಟು ಎತ್ತಿಟ್ಟು, ಹಾಲವ್ವ ಹೊಸ್ತಿಲಲ್ಲಿ ಕಾಲು ಚಾಚುತ್ತಾರೆ. ಹಿಂದೊಮ್ಮೆ ರತ್ನಾಗಿರಿಯ ಹೆಣ್ಣುಮಗಳೊಬ್ಬಳು ಉಂಡು ಹೋಗುವಾಗ ತಮ್ಮ ಕಡೆಯ ಅಕ್ಕಿರೊಟ್ಟಿಯ ಸುದ್ದಿ ಹೇಳಿದ್ದಳಂತೆ. ಹಾಲವ್ವನಿಗೆ ಅದನ್ನು ಉಣ್ಣುವ ಆಸೆ.

"ಒಮ್ಮಿ ಬಸ್ ಹತ್ತಿ ಅಲ್ಲಿಗಿ ಹೋಗ್ಬೇಕ್ರಿ. ಯಾರದರೆ ಮನ್ಯಾಗ ಕುಂತ, ಅವ್ರ ಬಿಸಿಬಿಸಿ ಹಾಕ್ಕೋತ ಹ್ವಾದಂಗ ಉಣಬೇಕು. ಮದುವ್ಯಾದಾಗಿಂದ ನಾ ಹಂಗ ಕುಂತ ಉಂಡೇ ಇಲ್ಲ ನೋಡ್ರಿ."